ಪಾಕಪುಸ್ತಕದಲ್ಲಿ ಹುಳಿ ಎಷ್ಟು ಬಗೆ?

ಪುಸ್ತಕದಂಗಡಿಯಲ್ಲಿ ಅಡುಗೆ ಪುಸ್ತಕಗಳ ಕಪಾಟಿನ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅಂಕಿ. ನೂರೊಂದು ಸಾರು, ಇನ್ನೂರು ಪಲ್ಯ, ಐನೂರು ಸಸ್ಯಾಹಾರಿ ಅಡುಗೆಗಳು. ಪುಟ ತಿರುವಿದರೆ ಹುರುಳಿಕಾಯಿ ಪಲ್ಯ ಇರುತ್ತದೆ, ಅದರ ಕೆಳಗೆ ಕೋಸಿನ ಪಲ್ಯ, ಅದರ ಕೆಳಗೆ ಗೋರಿಕಾಯಿ ಪಲ್ಯ. ತರಕಾರಿಯ ಹೆಸರು ಬದಲಾಗಿದೆ, ಮಿಕ್ಕ ಸಾಲುಗಳು ಇದ್ದ ಹಾಗೆಯೇ ಇವೆ. ಒಗ್ಗರಣೆಗೆ ಇಡಿ, ಬೆಂದ ತರಕಾರಿ ಹಾಕಿ, ಉಪ್ಪು ಬೆರೆಸಿ, ಕಾಯಿತುರಿ ಉದುರಿಸಿ. ಒಂದೇ ಅಂಗಿಯನ್ನು ಹತ್ತು ಮಕ್ಕಳಿಗೆ ತೊಡಿಸಿ ಹತ್ತು ಫೋಟೊ ತೆಗೆಸಿದ ಹಾಗೆ. ಇಂಥವನ್ನು ಕಳೆಯುತ್ತಾ ಹೋದರೆ ಐನೂರು ಎಂಬ ಅಂಕಿ ಬೇಗನೆ ಕರಗುತ್ತದೆ.

ಹಾಗಾದರೆ ಸಸ್ಯಾಹಾರದಲ್ಲಿ ವೈವಿಧ್ಯ ಇಲ್ಲವೇ? ಸೊಪ್ಪು ಸದೆ ತಿನ್ನುವವರಿಗೆ ಇನ್ನೇನಿದ್ದೀತು ಎಂದು ಮಾಂಸದೂಟ ಮಾಡುವ ಗೆಳೆಯರು ತಮಾಷೆ ಮಾಡುವುದುಂಟು. ವೈವಿಧ್ಯ ಇದೆ, ಬೇಕಾದಷ್ಟು ಇದೆ. ಅದು ತರಕಾರಿಯ ಪಟ್ಟಿಯಲ್ಲಿ ಇಲ್ಲ ಅಷ್ಟೆ. ಎಲ್ಲಿದೆ ಎಂದು ತಿಳಿಯಲು ಪುಸ್ತಕವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಅಡುಗೆಗಳ ಕನ್ನಡ ಹೆಸರುಗಳನ್ನು ನೋಡಬೇಕು.

ಹುಳಿ, ಗೊಜ್ಜು, ಕೂಟು, ಸಾಸಿವೆ, ತಂಬುಳಿ, ಬೋಳುಹುಳಿ, ಮಜ್ಜಿಗೆಹುಳಿ, ಎಣ್ಣೆಗಾಯಿ, ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು. ಈ ಹೆಸರುಗಳಲ್ಲಿ ಒಂದರಲ್ಲೂ ಯಾವ ತರಕಾರಿ ಎಂಬ ಸುಳಿವಿಲ್ಲ. ಹೇಗೆ ಮಾಡಬೇಕು ಎಂಬುದು ಮಾತ್ರ ಹಲವು ಹೆಸರುಗಳ ಒಳಗೇ ಇದೆ. ಹುಳಿ ಎಂಬುದು ರುಚಿಯ ಹೆಸರೂ ಹೌದು, ಅಡುಗೆಯ ಹೆಸರೂ ಹೌದು. ಕುದಿಸದೆ ತಣ್ಣಗೆ ಉಣ್ಣುವ ಹುಳಿ ತಂಬುಳಿ. ಕಾಯಿ ಅರೆದು ಹಾಕದೆ ಬೋಳಾಗಿ ಬಿಟ್ಟದ್ದು ಬೋಳುಹುಳಿ. ಬಸಿದ ನೀರಿನಿಂದ ಆದದ್ದು ಬಸ್ಸಾರು, ಬೇಯಿಸಿ ಮಸೆದ ಸೊಪ್ಪು ಮಸ್ಸೊಪ್ಪು, ಉಪ್ಪು ಹಾಕಿ ಬೇಯಿಸಿದ ಎಸರು ಉಪ್ಪೆಸರು. ಹೆಸರನ್ನು ಬಿಡಿಸಿದರೆ ಅರ್ಧ ಪಾಕವಿಧಾನ ಕೈಗೆ ಸಿಗುತ್ತದೆ.

ಊರು ದಾಟಿದರೆ ಹೆಸರು ಕೈಕೊಡುವುದೂ ಉಂಟೆನ್ನಿ. ಕರಾವಳಿಯಲ್ಲಿ ಮೇಲಾರ ಎಂದರೆ ಮಜ್ಜಿಗೆಯ ಪದಾರ್ಥ. ಮೈಸೂರು ಕಡೆಯ ಮೇಲೋಗರ ಕಿವಿಗೆ ಅದೇ ಕುಟುಂಬದ್ದು ಎನಿಸಿದರೂ ಬಾಯಿಗೆ ಬೇರೆಯೇ.

ಈ ಮಾತಿಗೆ ಒಳ್ಳೆಯ ಉದಾಹರಣೆ ಕೊಂಕಣಿ ಮಾತನಾಡುವ ಸಾರಸ್ವತರ ಅಡುಗೆಮನೆಯಲ್ಲಿದೆ. ತೆಂಗಿನಕಾಯಿ, ಒಣಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ಅರೆದ ಮಸಾಲೆ ಅಲ್ಲಿ ಹಲವು ಪದಾರ್ಥಗಳಿಗೆ ಹೆಚ್ಚು ಕಡಿಮೆ ಒಂದೇ. ಕೊನೆಯಲ್ಲಿ ಬೀಳುವ ಒಗ್ಗರಣೆಯ ಮೇಲೆ ಹೆಸರು ನಿಶ್ಚಯವಾಗುತ್ತದೆ. ಸಾಮಾನ್ಯವಾಗಿ ಸಾಸಿವೆ ಕರಿಬೇವು ಬಿದ್ದರೆ ಘಶ್ಶಿ, ಬೆಳ್ಳುಳ್ಳಿ ಬಿದ್ದರೆ ಕೊದ್ದೆಲ್, ಈರುಳ್ಳಿ ಹುರಿದು ಹಾಕಿದರೆ ಅಂಬಟ್, ಇಂಗು ಬಿದ್ದರೆ ಬೆಂದಿ. ಪಾತ್ರೆಯೊಳಗೆ ಇರುವುದು ಅದೇ ಕಾಳು, ಅದೇ ಗೆಡ್ಡೆ ಇರಬಹುದು. ಉಣ್ಣುವವರು ಮಾತ್ರ ಎಂದೂ ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯುವುದಿಲ್ಲ. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋಗಿ ನೆಲೆಸಿದ ಈ ಸಮುದಾಯದ ಹೆಂಗಸರು ಅಲ್ಲಿನ ಸಾರಸ್ವತ ಮಹಿಳಾ ಸಮಾಜದ ಮೂಲಕ 1943ರಲ್ಲಿ 'ರಸಚಂದ್ರಿಕಾ' ಎಂಬ ಪುಸ್ತಕವನ್ನು ಮರಾಠಿಯಲ್ಲಿ ಹೊರತಂದರು. ಊರು ಬಿಟ್ಟವರಿಗೆ ಊರಿನ ರುಚಿ ಮರೆತುಹೋದೀತು ಎಂಬ ಅಂಜಿಕೆ ಮೊದಲು ಬರುತ್ತದೆ. ಅಡುಗೆಯ ಒಳ್ಳೆಯ ಪುಸ್ತಕಗಳಲ್ಲಿ ಎಷ್ಟೋ ಈ ಅಂಜಿಕೆಯಿಂದ ಹುಟ್ಟಿದವು.

ಮೆಣಸಿನಕಾಯಿಗೆ ಮೊದಲಿನ ಪುಸ್ತಕ

ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಅಭ್ಯಾಸ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ' ಜನಸಾಮಾನ್ಯರ ಉಪಯೋಗಕ್ಕೆಂದು ಮಾಡಿದ ಒಂದು ಕೈಪಿಡಿ. ಜ್ಯೋತಿಷ, ವಾಸ್ತು, ಗಿಡಮರಗಳ ಆರೈಕೆ, ನೆಲದೊಳಗಿನ ನೀರನ್ನು ಹುಡುಕುವ ವಿದ್ಯೆ, ಇವುಗಳ ಜೊತೆಗೆ ಅಡುಗೆಯೂ ಅದರಲ್ಲಿದೆ. ನಮ್ಮ ಇಡ್ಲಿಯ ಪೂರ್ವಜನೂ ಅಲ್ಲಿ ಸಿಗುತ್ತಾನೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ ಮತ್ತು ಸಂಬಾರ ಪದಾರ್ಥ ಸೇರಿಸಿ ಮಾಡುವ ವಿಧಾನ ಅದು. ಅಕ್ಕಿಯ ಮಾತೇ ಅಲ್ಲಿಲ್ಲ. ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ಅಡುಗೆಯ ಭಾಗ ದೊಡ್ಡದು. ಆದರೆ ಅದು ಅರಮನೆಯ ಊಟ, ಮಾಂಸದ ಅಡುಗೆಗಳೂ ಅದರಲ್ಲಿ ಧಾರಾಳವಾಗಿವೆ.

ಅಪ್ಪಟ ಸಸ್ಯಾಹಾರದ ಪುಸ್ತಕವೆಂದರೆ ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಮಂಗರಸ ಈಗಿನ ಮೈಸೂರು ಜಿಲ್ಲೆಯ ಹುಣಸೂರಿನ ಕಡೆಯ ಕಲ್ಲಹಳ್ಳಿಯ ಪ್ರಭು. ಧರ್ಮದಿಂದ ಜೈನ, ಜೈನ ಕಥೆಗಳನ್ನು ಆಧರಿಸಿ ಹಲವು ಕಾವ್ಯಗಳನ್ನು ಬರೆದವನು. ಕಾಲ 1508ರ ಸುಮಾರು. ಆಳುವ ಪ್ರಭು, ಕವಿ, ಜೊತೆಗೆ ಹಿಟ್ಟು ಹದ ಮಾಡುವುದನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಬಲ್ಲ ಮನುಷ್ಯ. ಅಡುಗೆ ಕೆಲಸವೆಂದರೆ ಗಂಡಸಿಗೆ ಹೀನಾಯ ಎನ್ನುವವರಿಗೆ ನಳ, ಭೀಮರ ಜೊತೆಗೆ ಈತನ ಹೆಸರನ್ನೂ ಹೇಳಬಹುದು.

ಈ ಗ್ರಂಥದಲ್ಲಿ ಹಿಟ್ಟಿನ ಭಕ್ಷ್ಯಗಳಿವೆ, ಪಾನಕಗಳಿವೆ, ಪಾಯಸ ಮತ್ತು ಅನ್ನದ ಬಗೆಗಳಿವೆ. ಆಮೇಲೆ ಬರುವುದು ತರಕಾರಿ. ಬದನೆಕಾಯಿಯ ಅಡುಗೆಗಳಿಗೇ ಒಂದು ಭಾಗ ಮೀಸಲು. ಹಲಸು, ಬಾಳೆಕಾಯಿ, ಬಾಳೆಹೂವು, ಕಳಲೆ ಇವೆಲ್ಲ ಬೇರೆ. ಬೀಜ ಹೆಚ್ಚು ಎಂಬ ಕಾರಣಕ್ಕೆ ಕಟ್ಟುನಿಟ್ಟಿನ ಜೈನರು ಅನೇಕರು ಇಂದು ಬದನೆಯನ್ನು ಮುಟ್ಟುವುದಿಲ್ಲ. ಆದರೆ ಜೈನ ಕವಿಯೊಬ್ಬ ಅದನ್ನು ಇಷ್ಟು ಅಕ್ಕರೆಯಿಂದ ವರ್ಣಿಸಿದ್ದಾನೆ. ಬದನೆ ನಮ್ಮ ನೆಲದ್ದೇ ಕಾಯಿ, ಊರೂರಿಗೆ ಒಂದೊಂದು ತಳಿ. ಉಡುಪಿಯ ಸಮೀಪದ ಮಟ್ಟುವಿನ ಗುಳ್ಳ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವುದನ್ನು, 2010ರ ಫೆಬ್ರುವರಿಯಲ್ಲಿ ಕುಲಾಂತರಿ ಬದನೆಗೆ ಕೇಂದ್ರ ಸರ್ಕಾರ ತಡೆ ಹಾಕುವ ಮುನ್ನ ನಡೆದ ಗಲಾಟೆಯನ್ನು ನೆನೆದರೆ, ಈ ಕಾಯಿಯ ಮೇಲೆ ಜನ ಇಟ್ಟಿರುವ ಮಮತೆ ಇನ್ನೂ ಆರಿಲ್ಲ ಎನ್ನಬೇಕು.

ಇದ್ದದ್ದಕ್ಕಿಂತ ಸ್ವಾರಸ್ಯ, ಆ ಪುಸ್ತಕದಲ್ಲಿ ಇಲ್ಲದ್ದು. ಮೆಣಸಿನಕಾಯಿ ಇಲ್ಲ. ಆಲೂಗಡ್ಡೆ ಇಲ್ಲ. ಟೊಮೆಟೊ ಇಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಮೆಣಸಿನಕಾಯಿ ಘಟ್ಟ ಹತ್ತಿ ನಮ್ಮ ಒರಳಿಗೆ ಬಿದ್ದದ್ದು ಅದರ ನಂತರ. ಹಾಗಾಗಿ ಸೂಪಶಾಸ್ತ್ರವನ್ನು ಮೆಣಸಿನಕಾಯಿಯ ಹೊಸ್ತಿಲಲ್ಲಿ ನಿಂತ ಪುಸ್ತಕ ಎನ್ನಬಹುದು. ಖಾರಕ್ಕೆ ಕಾಳುಮೆಣಸು, ಶುಂಠಿ. ಘಮಕ್ಕೆ ಇಂಗು, ಜೀರಿಗೆ, ಏಲಕ್ಕಿ. ಭಾಷೆಯೂ ಈ ಚರಿತ್ರೆಯನ್ನು ಬಚ್ಚಿಟ್ಟುಕೊಂಡಿದೆ. ಮೆಣಸು ಎಂದರೆ ಮೊದಲು ಕಾಳುಮೆಣಸೇ. ಹೊಸದಾಗಿ ಬಂದ ಖಾರದ ಕಾಯಿಗೆ ಮೆಣಸಿನ ಕಾಯಿ ಎಂಬ ಎರವಲು ಹೆಸರು ಕೊಟ್ಟೆವು. ಬಂದ ನೆಂಟ ಮನೆಯನ್ನೇ ಹಿಡಿದುಕೊಂಡ. ಕೊನೆಗೆ ಮೂಲದ ಮೆಣಸೇ ಕರಿಮೆಣಸು, ಒಳ್ಳೆಮೆಣಸು, ಕಾಳುಮೆಣಸು ಎಂದು ಗುರುತಿನ ಚೀಟಿ ಹಿಡಿದು ಓಡಾಡಬೇಕಾಯಿತು.

ಮೆಣಸಿನಕಾಯಿ ಇಲ್ಲದ ಆ ರುಚಿ ಹೇಗಿದ್ದೀತು ಎಂದು ತಿಳಿಯಲು ಓಲೆಗರಿ ಹುಡುಕಬೇಕಾಗಿಲ್ಲ. ಅನೇಕ ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ದಿನ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕೋಸು ಒಲೆಯ ಹತ್ತಿರ ಬರುವುದಿಲ್ಲ. ಕಾಳುಮೆಣಸಿನ ಖಾರ, ಬಾಳೆಕಾಯಿ, ಹಾಗಲಕಾಯಿ, ಹೆಸರುಬೇಳೆ. ಹಿರಿಯರಿಗೆ ಅವರು ಉಂಡ ಅಡುಗೆಯನ್ನೇ ಬಡಿಸಬೇಕೆಂಬ ನಂಬಿಕೆಯಲ್ಲಿ ಮೆಣಸಿನಕಾಯಿಗೆ ಹಿಂದಿನ ಪಾಕಪುಸ್ತಕವೊಂದು ಪ್ರತಿವರ್ಷ ತೆರೆದುಕೊಳ್ಳುತ್ತದೆ.

ಉಡುಪಿಯ ಮಠಗಳ ಚಾತುರ್ಮಾಸ್ಯದ ಅಡುಗೆಯೂ ಇದೇ ಜಾತಿಯದು. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ತರಕಾರಿಯೇ ಇಲ್ಲದ ಸಸ್ಯಾಹಾರ ಹೇಗೆ ಎಂದು ಹೊರಗಿನವರು ಬೆರಗಾಗಬಹುದು. ಆ ತಿಂಗಳು ಬೇಳೆ, ಕಾಯಿ, ಮೊಸರು, ಕಾಳುಮೆಣಸು, ಮಾವಿನ ಹುಳಿಗಳಲ್ಲೇ ಅಡುಗೆಯವರು ದಿನಕ್ಕೊಂದು ಬಗೆ ತೆಗೆಯುತ್ತಾರೆ. ಕೈ ಕಟ್ಟಿಹಾಕಿದಷ್ಟೂ ಕೈಚಳಕ ಹೆಚ್ಚುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಂದೇ ಸಾಸಿವೆ, ಎರಡು ರುಚಿ

ಪುಸ್ತಕದಲ್ಲಿ ಸಾಮಾನು ಪಟ್ಟಿಯನ್ನು ಓದಿ ರುಚಿ ತಿಳಿಯುವುದು ಏಕೆ ಕಷ್ಟ ಎಂಬುದಕ್ಕೆ ಸಾಸಿವೆಕಾಳೊಂದು ಸಾಕು. ಕಾದ ಎಣ್ಣೆಯಲ್ಲಿ ಸಿಡಿಸಿದ ಸಾಸಿವೆ ಘಮ್ಮೆನ್ನುತ್ತದೆ, ನಾಲಗೆಗೆ ತೀಕ್ಷ್ಣವಲ್ಲ. ಅದೇ ಸಾಸಿವೆಯನ್ನು ಹಸಿಯಾಗಿ ಕಾಯಿಯ ಜೊತೆ ಅರೆದು, ಮೊಸರು ಸೇರಿಸಿ, ಸೌತೆಕಾಯಿಯೋ ಬಾಳೆದಿಂಡೋ ಹಾಕಿದರೆ ಅದು 'ಸಾಸಿವೆ' ಎಂಬ ಪದಾರ್ಥ. ಮೊದಲ ತುತ್ತಿಗೇ ಮೂಗಿಗೆ ಏರುತ್ತದೆ. ಕಾಳಿನೊಳಗೆ ಖಾರ ಸಿದ್ಧವಾಗಿ ಇರುವುದಿಲ್ಲ. ಅರೆದು ನೀರು ಸೋಕಿದಾಗ ಕಾಳಿನಲ್ಲಿರುವ ಒಂದು ಕಿಣ್ವ ಕೆಲಸ ಮಾಡಿ ಆ ತೀಕ್ಷ್ಣ ಎಣ್ಣೆಯನ್ನು ಬಿಡುಗಡೆ ಮಾಡುತ್ತದೆ. ಬಿಸಿ ಎಣ್ಣೆಗೆ ಬಿದ್ದರೆ ಕಿಣ್ವವೇ ಸಾಯುತ್ತದೆ, ಖಾರ ಹುಟ್ಟುವುದೇ ಇಲ್ಲ. 'ಸಾಸಿವೆ ಅರ್ಧ ಚಮಚ' ಎಂದಷ್ಟೇ ಬರೆದರೆ ಓದುಗನಿಗೆ ಎರಡರಲ್ಲಿ ಯಾವುದು ತಿಳಿಯಬೇಕು?

ಮೆಂತ್ಯದ್ದೂ ಇದೇ ಕಥೆ. ಹದವಾಗಿ ಹುರಿದರೆ ಸುವಾಸನೆ, ಒಂದು ನಿಮಿಷ ಮೈಮರೆತರೆ ಇಡೀ ಪಾತ್ರೆ ಕಹಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಕೊಡುತ್ತದೆ, ಗುಂಟೂರಿನದು ಇದಕ್ಕೆ ಉಲ್ಟಾ. ಎಂಟು ಮೆಣಸಿನಕಾಯಿ ಎಂದು ಬರೆದ ಲೇಖಕಿ ಹಾವೇರಿ ಕಡೆಯವರೋ ಆಂಧ್ರದವರೋ ಎಂಬುದು ಗೊತ್ತಿಲ್ಲದೆ ಹಾಕಿದವರ ಪಾಡು ಊಟಕ್ಕೆ ಕುಳಿತವರಿಗೆ ಗೊತ್ತು. ಇಂಗಿನ ವಾಸನೆಯೂ ಈರುಳ್ಳಿ ಬೆಳ್ಳುಳ್ಳಿಯ ವಾಸನೆಯೂ ಗಂಧಕದ ಸಂಯುಕ್ತಗಳಿಂದಲೇ ಬರುವಂಥವು. ಅವೆರಡನ್ನೂ ಬಿಟ್ಟ ಮನೆಗಳು ಇಂಗಿನ ಡಬ್ಬಿಗೆ ಇಷ್ಟು ಮರ್ಯಾದೆ ಕೊಡುವುದರ ಗುಟ್ಟು ಇದು. ವಿಚಿತ್ರವೆಂದರೆ ನಮ್ಮ ಅಡುಗೆಯ ಗುರುತೇ ಆಗಿಹೋದ ಈ ಇಂಗು ಇರಾನ್, ಅಫ್ಘಾನಿಸ್ತಾನದ ಗಿಡದ ಹಾಲು. ಭಾರತದಲ್ಲೇ ಬೆಳೆಯುವ ಪ್ರಯತ್ನವಾಗಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ.

ಇನ್ನು ಹುಳಿ. ಷಡ್ರಸಗಳಲ್ಲಿ ನಮ್ಮ ನಾಡು ಹೆಚ್ಚು ಕೈಯಾಡಿಸಿದ್ದು ಇದರಲ್ಲಿ ಎಂದು ನನಗೆ ತೋರುತ್ತದೆ. ಬಯಲುಸೀಮೆಯಲ್ಲಿ ಹುಣಸೆ. ಹಳೆ ಮೈಸೂರಿನಲ್ಲಿ ಅದರ ಜೊತೆಗೆ ನಿಂಬೆ, ಹೇರಳೆಕಾಯಿ. ಕಲಬುರಗಿ, ಬೀದರ ಕಡೆ ಹುಳಿಯ ಕೆಲಸವನ್ನು ಪುಂಡಿಪಲ್ಯದ ಸೊಪ್ಪೇ ಮಾಡುತ್ತದೆ. ಘಟ್ಟದ ಅಂಚಿಗೆ ಬಂದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ: ಅಪ್ಪೆಮಿಡಿ, ಅಂಬಟೆಕಾಯಿ, ಬಿಂಬುಳಿ, ಒಣಗಿಸಿದ ವಾಟೆಹುಳಿ, ಉಪ್ಪಾಗೆ, ಶಿರಸಿಯವರ ಮುರುಗಲು ಅಥವಾ ಮಂಗಳೂರಿನವರ ಪುನರ್ಪುಳಿ. ಎಲ್ಲಕ್ಕೂ ಹುಳಿ ಎಂಬ ಒಂದೇ ಶಬ್ದ ಸಾಕಾಗುವುದಿಲ್ಲ. ಹುಣಸೆಯ ಹುಳಿ ಎಷ್ಟು ಕುದಿಸಿದರೂ ನಿಲ್ಲುವಂಥದು, ಅದಕ್ಕೇ ಬೇಳೆಯ ಜೊತೆ ಕುದಿಯಲು ಬಿಡುತ್ತಾರೆ. ನಿಂಬೆಯ ಸೊಗಸು ಅದರ ಪರಿಮಳದಲ್ಲಿದೆ, ಕುದಿಸಿದರೆ ಅದು ಹಾರಿಹೋಗುತ್ತದೆ. ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ಹಿಂಡುವುದು. ಮೊಸರಿನ ಹುಳಿಗೆ ಜೋರು ಉರಿ ತಾಗಿದರೆ ಒಡೆಯುತ್ತದೆ. ಅಪ್ಪೆಮಿಡಿಯದ್ದು ಹುಳಿಗಿಂತ ಸೊನೆಯ ಘಮ ಮುಖ್ಯ. ಅಂದರೆ ಹುಳಿ ಬದಲಾದರೆ ಉರಿ ಬದಲಾಗುತ್ತದೆ, ಹಾಕುವ ಹೊತ್ತು ಬದಲಾಗುತ್ತದೆ, ಪಾತ್ರೆಯೂ ಬದಲಾಗಬಹುದು. ಒಂದೊಂದು ಹುಳಿಯ ಹಿಂದೆ ಒಂದೊಂದು ಅಡುಗೆಯ ಕ್ರಮವೇ ಇದೆ.

ಆದರೆ ಅಚ್ಚಾದ ಪಾಕಪುಸ್ತಕಗಳಲ್ಲಿ ಇವಕ್ಕೆ ಸಿಗುವ ಜಾಗ ಎಷ್ಟು? ಹೆಚ್ಚಿನ ಪುಸ್ತಕಗಳಲ್ಲಿ ಹುಣಸೆಹಣ್ಣೇ ರಾಜ. ಕೆಲವು ಉದಾರ ಲೇಖಕಿಯರು ವಾಟೆಹುಳಿ ಎಂದು ಬರೆದು, ಪಕ್ಕದಲ್ಲೇ ಆವರಣದೊಳಗೆ 'ಇಲ್ಲದಿದ್ದರೆ ಹುಣಸೆಹಣ್ಣು' ಎಂದು ಸೇರಿಸುತ್ತಾರೆ. ಪೇಟೆಯ ಓದುಗರ ಕಷ್ಟ ಅರಿತು ಮಾಡಿದ ಉಪಕಾರವೇ ಅದು. ಆದರೆ ಮುಂದಿನ ಪುಸ್ತಕ ಬರೆಯುವವರು ಆವರಣವನ್ನು ತೆಗೆದು ಹುಣಸೆಯನ್ನೇ ಉಳಿಸಿಕೊಳ್ಳುತ್ತಾರೆ. ಹೀಗೆ ಎರಡು ಆವೃತ್ತಿಗಳ ನಡುವೆ ಒಂದು ಹುಳಿ ಕಣ್ಮರೆಯಾಗುತ್ತದೆ. ಉಪ್ಪಾಗೆಯ ಕತೆ ಇನ್ನೂ ವಿಚಿತ್ರ. ಇಲ್ಲಿನ ಅಡುಗೆಮನೆ ಅದನ್ನು ಮರೆಯುತ್ತಿದ್ದ ಹೊತ್ತಿನಲ್ಲೇ, 1990ರ ದಶಕದಲ್ಲಿ, ಅದರ ಸಿಪ್ಪೆಯಲ್ಲಿರುವ ಆಮ್ಲಕ್ಕೆ ತೂಕ ಇಳಿಸುವ ಮಾತ್ರೆ ತಯಾರಕರಿಂದ ಭಾರಿ ಬೇಡಿಕೆ ಬಂತು. ಉತ್ತರ ಕನ್ನಡದ ಕಾಡುಗಳಲ್ಲಿ ಬಲಿಯದ ಕಾಯಿಗಳನ್ನೂ ಕೀಳುವ ಪೈಪೋಟಿ ನಡೆಯಿತು. ನಮ್ಮ ತಟ್ಟೆಗೆ ಬೇಡವಾದದ್ದು ವಿದೇಶದ ಸೀಸೆಗೆ ಬೇಕಾಯಿತು.

ನಿಂಬೆಗಾತ್ರ ಯಾರ ನಿಂಬೆ?

ಮುದ್ರಣದ ಕಾಲದಲ್ಲಿ ದಕ್ಷಿಣ ಭಾರತದ ಸಸ್ಯಾಹಾರಕ್ಕೆ ಒಂದು ಶಿಸ್ತು ತಂದುಕೊಟ್ಟ ಹೆಸರು ಹೇಳಬೇಕೆಂದರೆ ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರದು. ಅವರ 'ಸಮೈತ್ತು ಪಾರ್' ತಮಿಳಿನಲ್ಲಿ ಪ್ರಕಟವಾದದ್ದು 1951ರಲ್ಲಿ. ಅಡುಗೆ ಮಾಡಿ ನೋಡು ಎಂದು ಅರ್ಥ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣುಮಗಳು, ತನ್ನ ಕೈ ತಿಳಿದದ್ದನ್ನೆಲ್ಲ ಕಾಗದಕ್ಕಿಳಿಸಿದ್ದು ಆ ಪುಸ್ತಕ. ಮದುವೆಯಾಗಿ ದೂರದೂರಿಗೆ ಹೊರಟವರ, ಸಮುದ್ರ ದಾಟಿದವರ ಪೆಟ್ಟಿಗೆಯಲ್ಲಿ ಅದೊಂದು ಪ್ರತಿ ಇರುವುದು ವಾಡಿಕೆಯಾಯಿತು. ಮುಂದೆ ಇಂಗ್ಲಿಷಿಗೂ ಬಂತು. ಅದರ ಗುಣ ಏನೆಂದರೆ ಓದುವವರಿಗೆ ಏನೂ ಗೊತ್ತಿಲ್ಲ ಎಂದು ಭಾವಿಸಿ ಬರೆದಿರುವುದು. ನಮ್ಮ ಹಳೆಯ ಗ್ರಂಥಗಳು ಇದಕ್ಕೆ ವಿರುದ್ಧ. ಅವು ಬಲ್ಲವರಿಗೆ ನೆನಪು ಮಾಡಿಕೊಡುತ್ತವೆಯೇ ಹೊರತು ತಿಳಿಯದವರಿಗೆ ಕಲಿಸುವುದಿಲ್ಲ.

ಅಳತೆಯ ತೊಡಕು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮೀನಾಕ್ಷಿ ಅಮ್ಮಾಳ್ ಅವರ ಆಳಾಕು, ಕನ್ನಡ ಪುಸ್ತಕಗಳ ಪಾವು, ಅಚ್ಚೇರು, ಚಟಾಕುಗಳೆಲ್ಲ 1958ರ ಅಕ್ಟೋಬರಿನಲ್ಲಿ ದೇಶದಲ್ಲಿ ಮೆಟ್ರಿಕ್ ತೂಕ ಜಾರಿಗೆ ಬರಲಾರಂಭಿಸಿದ ಮೇಲೆ ಒಂದೊಂದಾಗಿ ಮೂಲೆ ಸೇರಿದವು. ಪಾವು ಎಂದರೆ ಕಾಲು ಸೇರು ಎಂದು ಅಜ್ಜಿಗೆ ಗೊತ್ತು. ಆ ಸೇರೇ ಊರಿಂದೂರಿಗೆ ಬೇರೆ ಎಂಬುದೂ ಅವರಿಗೆ ಗೊತ್ತು. ಹಳೆಯ ಪ್ರತಿ ಕೈಗೆ ಸಿಕ್ಕ ಮೊಮ್ಮಗಳಿಗೆ ಎರಡೂ ಒಗಟು. ಅಳತೆಪಾತ್ರೆಗೆ ಸಿಗದ ಅಳತೆಗಳು ಇನ್ನೊಂದಿಷ್ಟಿವೆ. ನಿಂಬೆಗಾತ್ರದ ಹುಣಸೆಹಣ್ಣು, ಅಡಿಕೆಗಾತ್ರದ ಬೆಲ್ಲ, ಕಡಲೆಕಾಳಿನಷ್ಟು ಇಂಗು. ಯಾರ ನಿಂಬೆ, ಯಾವ ತೋಟದ್ದು ಎಂದು ನಗುವವರು ನಗಲಿ, ಗ್ರಾಮಿಗಿಂತ ಈ ಅಳತೆ ನನಗೆ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಹುಣಸೆ ಹಳೆಯದಾದಷ್ಟೂ ಕಪ್ಪಾಗುತ್ತದೆ, ರುಚಿಯೂ ಬದಲಾಗುತ್ತದೆ. ಇಪ್ಪತ್ತು ಗ್ರಾಂ ಎಂದು ನಿಖರವಾಗಿ ಬರೆದರೆ ಹುಳಿ ನಿಖರವಾಗುವುದಿಲ್ಲ. ನಿಂಬೆಗಾತ್ರ ಎಂದವರು, ಉಳಿದದ್ದು ನಿನ್ನ ನಾಲಗೆಗೆ ಬಿಟ್ಟದ್ದು ಎಂದು ಒಪ್ಪಿಕೊಂಡ ಹಾಗೆ. 'ರುಚಿಗೆ ತಕ್ಕಷ್ಟು ಉಪ್ಪು' ಎಂಬುದೂ ಆ ಬಗೆಯ ಮಾತು.

ನಿಜವಾದ ನಷ್ಟ ಇನ್ನೊಂದು ಸಾಲಿನಲ್ಲಿ ಅಡಗಿದೆ. 'ಸಾಂಬಾರ್ ಪುಡಿ 2 ಚಮಚ.' ಎಷ್ಟು ಸಲೀಸಾದ ಸಾಲು! ಕೊತ್ತಂಬರಿಬೀಜ ಎಷ್ಟು ಹುರಿಯಬೇಕು, ಕಡಲೆಬೇಳೆ ಹಾಕಬೇಕೇ, ಇಂದಿನ ತರಕಾರಿಗೆ ಚಕ್ಕೆ ಒಪ್ಪುತ್ತದೆಯೇ, ಮೆಂತ್ಯ ಎಷ್ಟಿರಬೇಕು ಎಂಬ ಪ್ರಶ್ನೆಗಳೆಲ್ಲ ಆ ಎರಡು ಚಮಚದಲ್ಲಿ ಮುಳುಗಿಹೋಗುತ್ತವೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಸಿದ್ಧಪುಡಿ ಉಳಿಸಿಕೊಟ್ಟ ಹೊತ್ತನ್ನು ಯಾರೂ ಅಲ್ಲಗಳೆಯಲಾರರು, ಬೆಳಗ್ಗೆ ಆರಕ್ಕೆ ಎದ್ದು ಹುರಿದು ಅರೆದು ಮಾಡಿ ಎಂದು ಬೋಧಿಸುವ ಅಧಿಕಾರ ಗಂಡಸರಿಗಂತೂ ಇಲ್ಲ. ಆದರೆ ಪುಸ್ತಕವೂ ಅದೇ ಅವಸರಕ್ಕೆ ಬಿದ್ದರೆ ಕಷ್ಟ. ನುಗ್ಗೆಕಾಯಿ ಹುಳಿಗೂ ಬೂದುಗುಂಬಳದ ಹುಳಿಗೂ ಅದೇ ಪುಡಿ, ಅದೇ ಚಮಚ. ಹತ್ತು ಪಾಕಗಳು ಹೆಸರಿಗೆ ಹತ್ತಾಗಿ ಉಳಿದು ಬಾಯಿಗೆ ಒಂದಾಗುತ್ತವೆ. ಮೊದಲಲ್ಲಿ ಹೇಳಿದ ಐನೂರರ ಲೆಕ್ಕ ಬೆಳೆದದ್ದು ಹೀಗೆ.

ಇನ್ನೊಂದು ದಾರಿ ಹಿಡಿದವರು ಮುಂಬಯಿಯ ತರಲಾ ದಲಾಲ್. 1974ರಲ್ಲಿ ಅವರ ಮೊದಲ ಇಂಗ್ಲಿಷ್ ಪುಸ್ತಕ ಬಂದಾಗ ನಗರದ ಸಸ್ಯಾಹಾರಿ ಮನೆಗಳಲ್ಲಿ ಹೊಸ ಕುತೂಹಲ ಮೂಡಿತು. ಪರದೇಶದ ತಿನಿಸುಗಳನ್ನು ಮೊಟ್ಟೆ ಮಾಂಸವಿಲ್ಲದೆ ನಮ್ಮ ಒಲೆಗೆ ಹೊಂದಿಸಿ ಕೊಟ್ಟದ್ದು ಅವರ ಜಾಣ್ಮೆ. ಆ ವೈವಿಧ್ಯ ಹೊರಗಿನಿಂದ ತಂದದ್ದು, ಅದಕ್ಕೆ ಅದರದೇ ಬೆಲೆ ಇದೆ. ಒಳಗಿದ್ದದ್ದನ್ನು ಹೊರತೆಗೆಯುವ ಕೆಲಸ ಬೇರೆ.

ಪುಸ್ತಕಕ್ಕೆ ಬಾರದ ಅಡುಗೆಮನೆಗಳು

ಒಳಗಿದ್ದದ್ದು ಎಂದರೆ ಯಾರ ಮನೆಯ ಒಳಗೆ? ಕನ್ನಡದಲ್ಲಿ ಬಹುಕಾಲ ಸಸ್ಯಾಹಾರಿ ಪಾಕಪುಸ್ತಕ ಬರೆದವರಲ್ಲಿ ಹೆಚ್ಚಿನವರು ಬ್ರಾಹ್ಮಣ ಮನೆತನದ, ಓದು ಬರಹ ಬಲ್ಲ, ನಗರದ ಹೆಣ್ಣುಮಕ್ಕಳು. ಅವರು ತಮ್ಮ ಮನೆಯ ಅಡುಗೆ ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ರಕ್ಷಾಪುಟದ ಮೇಲೆ ಅದು 'ಕರ್ನಾಟಕದ ಅಡುಗೆ' ಆಗಿಬಿಟ್ಟಿತು. ಲಿಂಗಾಯತ ಮನೆಗಳ ಸಸ್ಯಾಹಾರ, ಅಂದರೆ ರೊಟ್ಟಿಗೆ ಹೊಂದುವ ಎಣ್ಣೆಗಾಯಿ, ಗುರೆಳ್ಳು ಮತ್ತು ಶೇಂಗಾ ಚಟ್ನಿಪುಡಿ, ಹಸಿಯಾಗಿ ತಿನ್ನುವ ಸೊಪ್ಪು, ಮೊಳಕೆಕಾಳಿನ ಪಲ್ಯ, ಇವು ಪುಸ್ತಕದ ಕೊನೆಯಲ್ಲಿ 'ಉತ್ತರ ಕರ್ನಾಟಕದ ವಿಶೇಷ' ಎಂಬ ನಾಲ್ಕು ಪುಟಗಳಿಗೆ ಇಳಿದವು. ಕೆಳದಿಯ ಬಸವಪ್ಪ ನಾಯಕ 1709ರ ಸುಮಾರಿಗೆ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಅಡುಗೆಗೂ ಜಾಗ ಕೊಟ್ಟಿದ್ದ. ವೀರಶೈವ ಅರಸನ ಆ ಉದಾಹರಣೆ ಕಣ್ಣೆದುರು ಇದ್ದರೂ ಜೋಳದ ನಾಡಿನ ಅಡುಗೆ ಅಚ್ಚಿಗೆ ಬರಲು ಬಹಳ ಕಾಯಬೇಕಾಯಿತು.

ಮಾಂಸಾಹಾರಿ ಮನೆಗಳ ಸಸ್ಯಾಹಾರ ಇನ್ನೂ ಹಿಂದುಳಿಯಿತು. ಕರ್ನಾಟಕದ ಜನರಲ್ಲಿ ಮಾಂಸ ತಿನ್ನುವವರೇ ಹೆಚ್ಚು. ಹಾಗೆಂದು ಅವರು ದಿನವೂ ಮಾಂಸ ತಿನ್ನುತ್ತಾರೆಯೇ? ಮಂಡ್ಯ, ಹಾಸನ, ತುಮಕೂರು, ಕೋಲಾರದ ಒಕ್ಕಲು ಮನೆಗಳಲ್ಲಿ ವಾರದ ಬಹುಪಾಲು ದಿನ ಒಲೆಯ ಮೇಲಿರುವುದು ಸೊಪ್ಪು, ಕಾಳು, ಅವರೆ, ಹುರುಳಿ. ಬಾಡೂಟದ ಪುಸ್ತಕಕ್ಕೆ ಅದು ಸಪ್ಪೆ, ಸಸ್ಯಾಹಾರದ ಪುಸ್ತಕಕ್ಕೆ ಅದು ಬೇರೆಯವರ ಮನೆಯದು. ಎರಡರ ನಡುವೆ ಬಿದ್ದು ದೊಡ್ಡದೊಂದು ಅಡುಗೆಯ ಲೋಕ ಬರಹಕ್ಕೆ ಸಿಗದೆ ಹೋಯಿತು. ಮಡಿಲಲ್ಲಿ ಸೊಪ್ಪು ತುಂಬಿಕೊಂಡು ಹೊಲದಿಂದ ಬರುವ ಹೆಂಗಸರಿಗೆ ಅಣ್ಣೆ, ಗಣಿಕೆ, ದೊಗ್ಗರೆ, ನುಗ್ಗೆ, ಕೀರೆ ಎಂದು ಹೆಸರು ಹಿಡಿದು ಕರೆಯಲು ಬರುತ್ತದೆ. ಯಾವುದರ ಜೊತೆ ಯಾವುದು ಬೆರೆಸಿದರೆ ಕಹಿ ಮುರಿಯುತ್ತದೆ ಎಂಬುದು ಗೊತ್ತಿರುತ್ತದೆ. ಪುಸ್ತಕದಲ್ಲಿ ಇವೆಲ್ಲ ಸೇರಿ 'ಸೊಪ್ಪು 1 ಕಟ್ಟು'. ಕಳೆದ ಕೆಲವು ವರ್ಷಗಳಲ್ಲಿ ಪ್ರಾದೇಶಿಕ ಅಡುಗೆಯ ಪುಸ್ತಕಗಳು, ವಿಡಿಯೊಗಳು ಹೆಚ್ಚಿ ಈ ಕೊರತೆ ಸ್ವಲ್ಪ ತುಂಬುತ್ತಿದೆ ಎಂಬುದು ಸಮಾಧಾನ. ಆದರೆ ಬೆರಕೆ ಸೊಪ್ಪಿನ ಲೆಕ್ಕ ಬಲ್ಲ ಹಿರಿಯರು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ. ಹೊಲದ ಬದುವಿಗೆ ಕಳೆನಾಶಕ ಬಿದ್ದಲ್ಲಿ ಸೊಪ್ಪೂ ಕಡಿಮೆಯಾಗುತ್ತಿದೆ.

ಬಸ್ಸಾರನ್ನೇ ತೆಗೆದುಕೊಳ್ಳಿ. ಬೇಳೆ ಅಥವಾ ಕಾಳನ್ನು ಸೊಪ್ಪಿನೊಂದಿಗೆ ಹದವಾಗಿ ಬೇಯಿಸಿ, ಕರಗಿಹೋಗುವ ಮೊದಲೇ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಕಾಯಿ ಮತ್ತು ಬೆಂದ ಸೊಪ್ಪು ಕಾಳಿನಲ್ಲೇ ಒಂದು ಹಿಡಿಯನ್ನು ಸೇರಿಸಿ ಅರೆದ ಖಾರ ಬೀಳುತ್ತದೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಮಡಕೆ, ಒಂದೇ ಉರಿ, ಮುದ್ದೆಯ ಪಕ್ಕಕ್ಕೆ ಎರಡು ಪದಾರ್ಥ. ನೀರು ಎಷ್ಟು ಇಡಬೇಕು, ಯಾವ ಹೊತ್ತಿಗೆ ಬಸಿಯಬೇಕು ಎಂಬುದರಲ್ಲಿ ಎಲ್ಲ ಇದೆ. ಬೇಗ ಬಸಿದರೆ ಸಾರಿಗೆ ಸತ್ವ ಇಳಿಯುವುದಿಲ್ಲ, ತಡವಾದರೆ ಪಲ್ಯ ಮುದ್ದೆಯಾಗುತ್ತದೆ. ಪಾಕಪುಸ್ತಕದ ಪರಿವಿಡಿ ಇದನ್ನು ಸಾರಿನ ವಿಭಾಗದಲ್ಲಿ ಸೇರಿಸಬೇಕೋ ಪಲ್ಯದ ವಿಭಾಗದಲ್ಲೋ ತಿಳಿಯದೆ ಒದ್ದಾಡುತ್ತದೆ. ಸಾರು ಎಂದು ಬರೆದ ಪುಸ್ತಕದಲ್ಲಿ ಪಲ್ಯ ಒಂದು ಸಾಲಿಗೆ ಇಳಿದಿರುತ್ತದೆ. ಮಾಡುವವರು ಮಾತ್ರ ಇದನ್ನು ಎರಡು ಅಡುಗೆ ಎಂದು ಎಂದೂ ಎಣಿಸಿದವರಲ್ಲ, ಮಿಕ್ಕ ಸಾರನ್ನು ಮರುದಿನ ಬೆಳಗ್ಗೆ ಇನ್ನೊಂದು ಕುದಿ ಕುದಿಸಿದಾಗ ಬರುವ ರುಚಿಗೆ ಕಾಯುತ್ತಿರುತ್ತಾರೆ.